ಸೂರಿಲ್ಲದವನಿಗೂ ಮದ್ದು

ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಿಲಾಶಾಸನವು, ಧರ್ಮಪರನಾದರೆ ಕೀಳೆನಿಸಿದವನೂ ಉನ್ನತಿಯನ್ನು ಪಡೆಯಬಲ್ಲನೆಂದು ಸಾರುತ್ತದೆ. ಮಾದಕವ್ಯಸನಕ್ಕೆ ಸಿಲುಕಿ ಬೀದಿಬದಿಯಲ್ಲಿ ಮಲಗುವ ನಿರ್ಗತಿಕನನ್ನು ಕಂಡಾಗ ನಾವು ಈ ಮಾತನ್ನು ಮರೆಯಲಾಗದು.

ಅಫೀಮು, ಹೆರಾಯಿನ್ ಮೊದಲಾದವುಗಳ ವ್ಯಸನವು ಕೇವಲ ನಡತೆಯ ದೋಷವಲ್ಲ, ಅದೊಂದು ರೋಗ. ದೇಹವು ಅವುಗಳಿಗೆ ಒಗ್ಗಿದ ಮೇಲೆ, ಅವು ದೊರೆಯದಿದ್ದರೆ ಮೈಕೈ ನೋವು, ವಾಂತಿ, ನಿದ್ರಾಹೀನತೆಗಳು ಕಾಡುತ್ತವೆ. ಬ್ಯುಪ್ರೆನಾರ್ಫಿನ್ ಎಂಬ ಔಷಧವು ಮಿದುಳಿನಲ್ಲಿ ಅಫೀಮು ನೆಲೆಗೊಳ್ಳುವ ತಾಣಗಳನ್ನೇ ಹಿಡಿದು ಈ ಯಾತನೆಯನ್ನು ತಗ್ಗಿಸುತ್ತದೆ. ಆದರೆ ಅದನ್ನು ವೈದ್ಯರ ನಿಗಾದಲ್ಲಿ, ತಪ್ಪದೆ, ದೀರ್ಘಕಾಲ ಸೇವಿಸಬೇಕು. ಮನೆಯಿಲ್ಲದವನಿಗೆ ಇದು ಸುಲಭವಲ್ಲ. ಚಿಕಿತ್ಸೆಯನ್ನು ನಡುವೆ ಬಿಟ್ಟು ಮಾದಕದ ಹಳೆಯ ಪ್ರಮಾಣಕ್ಕೆ ಮರಳಿದರೆ ಉಸಿರು ನಿಂತು ಸಾವೂ ಸಂಭವಿಸಬಹುದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮಾದಕವ್ಯಸನವನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಅದರಂತೆ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ವಸತಿಹೀನರಿಗೆ ಚಿಕಿತ್ಸೆ ಉಚಿತ. ಬಡತನದ ಚೀಟಿ ಇಲ್ಲವೆಂದು ನಿರಾಕರಿಸುವಂತಿಲ್ಲ. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಬೀದಿಗಳಿಂದ ರೋಗಿಯು ಆಸ್ಪತ್ರೆಯ ಬಾಗಿಲನ್ನು ತಲುಪಬೇಕು. ಮದ್ದಿನೊಡನೆ ಅನ್ನವೂ ಸೂರೂ ಅವನಿಗೆ ದೊರೆಯಬೇಕು. ಅಂಥವನನ್ನು ಹೀಗಳೆಯದೆ ದಾರಿ ತೋರುವುದು ನಾಗರಿಕರೆಲ್ಲರ ಕರ್ತವ್ಯವಾಗಿದೆ.