ಗಾಣದ ಬೀಡು ಎಲ್ಲಿಂದ ಬಂತು?

ಸಂಕೇಶ್ವರದ ನಮ್ಮ ಮನೆಯ ಹಿತ್ತಲಲ್ಲಿ, ಬೇವಿನ ಮರದ ಬುಡಕ್ಕೆ, ಒಂದು ಹಳೆಯ ಗಾಣ ಬಿದ್ದಿತ್ತು. ಎತ್ತು ಕಟ್ಟಿ ತಿರುಗಿಸುವ, ಮೂರು ಉರುಳೆಗಳ ಕಬ್ಬಿನ ಗಾಣ. ಅದರ ಮೇಲೆ ಹತ್ತಿ ಕುಣಿಯುವುದು, ಹಲ್ಲುಗಾಲಿಯ ಸಂದಿಯಲ್ಲಿ ಬೇವಿನಕಾಯಿ ತುರುಕುವುದು ನಮ್ಮ ಆಟ. ಒಂದು ದಿನ ನಾನು ಸುತ್ತಿಗೆ ತಂದು ಅದರ ಮೇಲೆ ಬಾರಿಸಲು ಕೈ ಎತ್ತಿದಾಗ ಅಜ್ಜ ಒಳಗಿನಿಂದಲೇ ಕೂಗಿದರು: "ಬಡೀಬ್ಯಾಡೋ, ಅದು ಬೀಡಿನದೈತಿ, ಒಡದ್ ಹೋದೀತು!"

ನಾಲ್ಕು ಜನ ಸೇರಿದರೂ ಅಲುಗದ ಕಬ್ಬಿಣ ಒಡೆಯುತ್ತದೆ ಎಂದರೆ ನಂಬುವುದು ಹೇಗೆ? ಕಬ್ಬಿಣ ಬಾಗುತ್ತದೆ, ಕಾಯಿಸಿದರೆ ಚಪ್ಪಟೆಯಾಗುತ್ತದೆ ಎಂಬುದನ್ನು ನಾವು ಕಮ್ಮಾರರ ಸಾಲೆಯಲ್ಲಿ ದಿನವೂ ನೋಡುತ್ತಿದ್ದೆವು. ಗಡಿಗೆಯ ಹಾಗೆ ಒಡೆಯುವ ಕಬ್ಬಿಣ ಬೇರೆಯೇ ಒಂದಿದೆ ಎಂದು ನನಗೆ ಗೊತ್ತಾದದ್ದು ಆವತ್ತು. ಅದು ಎಲ್ಲಿಂದ ಬಂತು, ಯಾರು ಮಾಡಿದರು ಎಂಬ ಪ್ರಶ್ನೆ ಮಾತ್ರ ಬಹಳ ವರ್ಷ ತಲೆಯಲ್ಲೇ ಉಳಿಯಿತು.

ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕರಗುವುದಿಲ್ಲ, ಕೆಂಪಗೆ ಮೆತ್ತಗಾಗುತ್ತದೆ ಅಷ್ಟೆ. ಶುದ್ಧ ಕಬ್ಬಿಣ ಕರಗಬೇಕಾದರೆ 1,538 ಡಿಗ್ರಿ ಸೆಲ್ಸಿಯಸ್ ಬೇಕು. ಅದರಲ್ಲಿ ನೂರಕ್ಕೆ ಮೂರು ಮೂರೂವರೆ ಪಾಲು ಇಂಗಾಲ ಸೇರಿದರೆ 1,200ರ ಆಸುಪಾಸಿನಲ್ಲೇ ನೀರಾಗುತ್ತದೆ. ಆ ರಸವನ್ನು ಮರಳಿನ ಅಚ್ಚಿಗೆ ಹೊಯ್ದರೆ ಸಿಗುವುದೇ ಬೀಡು. ಆರುವಾಗ ಇಂಗಾಲ ತೆಳ್ಳನೆಯ ಪದರುಗಳಾಗಿ ಒಳಗೆ ಉಳಿಯುತ್ತದೆ. ಅದರಿಂದಲೇ ಬೀಡು ಪೆಟ್ಟು ತಡೆಯುವುದಿಲ್ಲ. ಭಾರಕ್ಕೆ, ತಿಕ್ಕಾಟಕ್ಕೆ, ನಡುಕಕ್ಕೆ ಮಾತ್ರ ಅದನ್ನು ಮೀರಿಸುವ ಅಗ್ಗದ ಲೋಹ ಇನ್ನೊಂದಿಲ್ಲ. ಗಾಣದ ಉರುಳೆಗೆ, ಎಂಜಿನ್ನಿನ ಮೈಗೆ, ಪಂಪಿನ ಹೊಟ್ಟೆಗೆ ಬೇಕಾದದ್ದು ಇದೇ ಗುಣ.

ಈಗ ನಮ್ಮ ಭಾಗದ ನಕಾಶೆ ನೋಡಿ. ಸಂಕೇಶ್ವರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಬೆಳಗಾವಿ, ಉತ್ತರಕ್ಕೆ 60ರ ಆಸುಪಾಸಿನಲ್ಲಿ ಕೊಲ್ಹಾಪುರ. ಎರಡೂ ಊರುಗಳು ಫೌಂಡ್ರಿಗೆ, ಅಂದರೆ ಲೋಹದ ಎರಕಕ್ಕೆ, ದೇಶದಲ್ಲಿ ಹೆಸರಾಂತ ಕೇಂದ್ರಗಳು. ಆದರೆ ಬೀಡಿಗೆ ಬೇಕಾದ ಅದಿರು ಇರುವುದು ಬಳ್ಳಾರಿ, ಸಂಡೂರಿನ ಕಡೆಗೆ. ಕೋಕ್ ಮಾಡುವ ಕಲ್ಲಿದ್ದಲು ಇರುವುದು ದೂರದ ಝರಿಯಾದಲ್ಲಿ. ಅದಿರೂ ಇಲ್ಲದ, ಕಲ್ಲಿದ್ದಲೂ ಇಲ್ಲದ ಈ ಕಬ್ಬಿನ ಸೀಮೆಯಲ್ಲಿ ಕಬ್ಬಿಣ ಕರಗಿಸುವ ಕಸುಬು ಬೇರೂರಿದ್ದು ಹೇಗೆ?

ಉತ್ತರ ಇರುವುದು ಕರಿಮಣ್ಣಿನಲ್ಲಿ. ಈ ಭೂಮಿಯಲ್ಲಿ ಕರಿಕೆ ಹುಲ್ಲು ಬೇರು ಬಿಟ್ಟಿತೆಂದರೆ ಕಟ್ಟಿಗೆಯ ನೇಗಿಲಿಗೆ ಅದು ಜಗ್ಗುವುದಿಲ್ಲ. ನೇಗಿಲು ಮೇಲೆ ಮೇಲೆ ಕೆರೆಯುತ್ತದೆ, ಬೇರು ಕೆಳಗೆ ಹಾಯಾಗಿ ಇರುತ್ತದೆ. ಮಣ್ಣನ್ನು ಆಳಕ್ಕೆ ಸೀಳಿ ಮಗ್ಗುಲಿಗೆ ಮಗುಚಿ ಹಾಕುವ ಕಬ್ಬಿಣದ ನೇಗಿಲು ಬೇಕಿತ್ತು. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರಾಬರ್ಟ್ ರ‍್ಯಾನ್ಸಮ್ ಎಂಬಾತ ಬೀಡಿನ ಗುಳಕ್ಕೆ ಪೇಟೆಂಟ್ ಪಡೆದದ್ದು 1803ರಲ್ಲಿ. ಗುಳದ ಒಂದು ಮೈ ಬೇಗ ತಣ್ಣಗಾಗಿ ಗಟ್ಟಿಯಾಗುವಂತೆ, ಇನ್ನೊಂದು ಮೈ ನಿಧಾನಕ್ಕೆ ಆರಿ ಮೃದುವಾಗಿ ಉಳಿಯುವಂತೆ ಆತ ಎರಕ ಹೊಯ್ದ. ಉಳುವಾಗ ಮೃದುವಾದ ಮೈ ಸವೆಯುತ್ತ ಹೋಗಿ, ಗಟ್ಟಿಯಾದ ಅಂಚು ತಾನೇ ಹರಿತವಾಗಿ ಉಳಿಯುತ್ತದೆ. ಅದಾಗಿ ಸರಿಯಾಗಿ ನೂರು ವರ್ಷಕ್ಕೆ, 1903ರಲ್ಲಿ, ಬೆಳಗಾವಿಯಲ್ಲಿ ಒಬ್ಬರು ನಮ್ಮ ಎತ್ತುಗಳಿಗೆ ಒಗ್ಗುವ ಕಬ್ಬಿಣದ ನೇಗಿಲು ಮಾಡಿದರು.

ಅವರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯದೇ ಗುರ್ಲಹೊಸೂರಿನಲ್ಲಿ. ಚಿತ್ರ ಕಲಿಯಲು ಮುಂಬಯಿಗೆ ಹೋದರು. ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯದು ಎಂದು ಗೊತ್ತಾದ ಮೇಲೆ ಕುಂಚ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು, ಅಲ್ಲಿನ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಮೇಷ್ಟ್ರೂ ಆದರು. 1888ರಲ್ಲಿ ಬೆಳಗಾವಿಯಲ್ಲಿ ತೆರೆದ ಸೈಕಲ್ ಅಂಗಡಿಯಿಂದ ಅವರ ಉದ್ಯಮ ಶುರುವಾಯಿತು. ನೌಕರಿ ಬಿಟ್ಟು ಬಂದ ಮೇಲೆ ಮೇವು ಕತ್ತರಿಸುವ ಯಂತ್ರ, ಆಮೇಲೆ ನೇಗಿಲು. ಎರಕದ ಕೆಲಸ ಗೊತ್ತಿದ್ದವರಿಗೆ ಈ ಚಿತ್ರಕಲೆಯ ಹಿನ್ನೆಲೆ ಎಷ್ಟು ಮುಖ್ಯವೆಂದು ತಿಳಿಯುತ್ತದೆ. ಮೊದಲು ವಸ್ತುವಿನದೇ ಆಕಾರದ ಕಟ್ಟಿಗೆಯ ಮಾದರಿ, ಪ್ಯಾಟರ್ನ್, ಮಾಡಬೇಕು. ಬೀಡು ಆರುವಾಗ ಕುಗ್ಗುತ್ತದೆ, ಮೀಟರಿಗೆ ಸುಮಾರು 10 ಮಿಲಿಮೀಟರ್. ಆ ಕುಗ್ಗುವಿಕೆಯನ್ನು ಮೊದಲೇ ಲೆಕ್ಕ ಹಿಡಿದು ಪ್ಯಾಟರ್ನನ್ನು ಅಷ್ಟು ದೊಡ್ಡದು ಮಾಡಬೇಕು. ಇನ್ನೂ ಹುಟ್ಟದ ವಸ್ತುವನ್ನು ಕಣ್ಣೆದುರು ಕಾಣಬಲ್ಲವನಿಗೆ ಮಾತ್ರ ಒಲಿಯುವ ಕೆಲಸ ಅದು.

ನೇಗಿಲು ತಯಾರಾಯಿತು, ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಹೆದರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ರೈತರನ್ನು ಮೂಢರೆಂದು ನಾನು ಅನ್ನಲಾರೆ. ಒಂದು ಹಂಗಾಮು ಕೆಟ್ಟರೆ ಇಡೀ ಮನೆ ಉಪವಾಸ ಬೀಳುವ ಕಾಲದಲ್ಲಿ ಹೊಸದನ್ನು ಎರಡು ವರ್ಷ ದೂರ ನಿಂತು ನೋಡುವುದು ವಿವೇಕವೇ.

ರೈತರು ಒಪ್ಪಿಕೊಳ್ಳುವ ಹೊತ್ತಿಗೆ ಊರು ಕೈಬಿಟ್ಟಿತು. ಹೊಸ ಬಡಾವಣೆಗೆಂದು ಕಾರ್ಖಾನೆಯ ಜಾಗ ತೆರವು ಮಾಡಲು ಪುರಸಭೆಯಿಂದ ಆದೇಶ ಬಂತು. ದಿಕ್ಕು ತೋಚದೆ ನಿಂತ ಲಕ್ಷ್ಮಣರಾಯರಿಗೆ ಔಂಧ್ ಸಂಸ್ಥಾನದ ಅರಸರು ಕುಂಡಲದ ಹತ್ತಿರ 32 ಎಕರೆ ಬರಡು ನೆಲವನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದಿದ್ದ ಆ ಬಯಲೇ 1910ರಲ್ಲಿ ಕಿರ್ಲೋಸ್ಕರವಾಡಿಯಾಯಿತು. ಬೆಳಗಾವಿಯಲ್ಲಿ ಇವತ್ತಿಗೂ ಕಿರ್ಲೋಸ್ಕರ ರಸ್ತೆ ಇದೆ, ಆ ಕಾರ್ಖಾನೆ ಇಲ್ಲ. ಆ ರಸ್ತೆಯಲ್ಲಿ ಹೋಗುವಾಗ ಪ್ರತಿಸಲ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಸಂಕಟವಾಗುತ್ತದೆ.

ನೇಗಿಲಿನ ಬೆನ್ನಿಗೆ ಬಂದದ್ದು ಗಾಣ. ಮರದ ಗಾಣ ರಸವನ್ನು ಪೂರ್ತಿ ಹಿಂಡುತ್ತಿರಲಿಲ್ಲ. 1870ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬ ಊರಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬ ಇಬ್ಬರು ಕಬ್ಬಿಣದ ಉರುಳೆಗಳ, ಎತ್ತಿನಿಂದ ತಿರುಗುವ ಗಾಣ ಹೊರತಂದರು. ಅದರ ಮಾದರಿ ದೇಶದ ಕಬ್ಬಿನ ಸೀಮೆಗಳಿಗೆಲ್ಲ ಹಬ್ಬಿತು. ಹಿರಣ್ಯಕೇಶಿ, ಘಟಪ್ರಭೆ, ಪಂಚಗಂಗೆಯ ದಂಡೆಗಳಲ್ಲಿ ಕಬ್ಬಿನ ಜೊತೆಗೆ ಬೀಡಿನ ಗಾಣವೂ ಬಂತು. ಆಮೇಲೆ ಬಾವಿಯ ನೀರೆತ್ತುವ ಎಣ್ಣೆ ಎಂಜಿನ್, ಪಂಪು. ಸುಗ್ಗಿಯ ನಡುವೆ ಗಾಣದ ಹಲ್ಲುಗಾಲಿ ಮುರಿದರೆ ಕಬ್ಬು ಕಾಯುವುದಿಲ್ಲ. ಕಡಿದು ಒಂದೆರಡು ದಿನವಾದರೆ ರಸ ಹುಳಿಯತೊಡಗುತ್ತದೆ, ಬೆಲ್ಲದ ಪೆಂಟೆ ಗಟ್ಟಿಯಾಗುವುದಿಲ್ಲ. ಮುಂಬಯಿಯಿಂದ ಹೊಸ ಗಾಲಿ ಬರುವವರೆಗೆ ಕೂರಲು ಯಾರಿಗೆ ಆದೀತು? ಮುರಿದ ಗಾಲಿಯನ್ನೇ ಪ್ಯಾಟರ್ನ್ ಮಾಡಿಕೊಂಡು ಮರಳಲ್ಲಿ ಒತ್ತಿ ಹೊಸದು ಹೊಯ್ದುಕೊಡುವ ಮಿಸ್ತ್ರಿಗಳು ಹೀಗೆ ಬೇಕಾದರು. ಕೊಲ್ಹಾಪುರದ ಉದ್ಯಮನಗರದಲ್ಲಿ ಎಂಜಿನ್ ರಿಪೇರಿಯಿಂದ ಶುರುವಾಗಿ ಎಂಜಿನ್ನನ್ನೇ ಮಾಡುವ ಮಟ್ಟಕ್ಕೆ ಈ ಮಿಸ್ತ್ರಿಗಳು ಏರಿದರು. ಶಿರೋಲಿ, ಗೋಕುಲ ಶಿರಗಾಂವ ಕೈಗಾರಿಕಾ ಪ್ರದೇಶಗಳು ಆಮೇಲಿನವು. ಬೆಳಗಾವಿಯಲ್ಲಿ ಅದೇ ಕಥೆ ಉದ್ಯಮಬಾಗದಲ್ಲಿ ಬೆಳೆಯಿತು, ಮಚ್ಛೆ, ಹೊನಗಾಗಳಿಗೆ ಹರಡಿತು. ಬಿಟ್ಟುಹೋದ ಕಸುಬು ಹೀಗೆ ಬೆಳಗಾವಿಗೆ ತಿರುಗಿ ಬಂತು.

ನಮ್ಮ ಓಣಿಯಲ್ಲಿ ಒಬ್ಬ ಮಾಮಾ ಇದ್ದರು, ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯಲ್ಲಿ ಮೋಲ್ಡರ್. ಕಾಲೇಜಿನ ರಜೆಯಲ್ಲಿ ಒಮ್ಮೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಆಗ ಅಲ್ಲಿ ಇನ್ನೂ ಕೋಕ್ ಉರಿಸಿ ಬೀಡು ಕರಗಿಸುವ ಭಟ್ಟಿ, ಕುಪೋಲಾ, ಇತ್ತು. ನಿತ್ಯ ಉರಿಯುತ್ತಿರಲಿಲ್ಲ. ವಾರವಿಡೀ ಅಚ್ಚು ಮಾಡಿ ನೆಲದ ತುಂಬ ಸಾಲಾಗಿ ಇಡುವುದು, ಒಂದು ದಿನ ಭಟ್ಟಿ ಹಚ್ಚುವುದು. ಮಾಮಾ ಕರಿ ಮರಳನ್ನು ಮುಷ್ಟಿಯಲ್ಲಿ ಹಿಡಿದು ಹಿಚುಕಿ ಅಂಗೈ ಬಿಚ್ಚಿದರು. ಮರಳಿನ ಉಂಡೆಯ ಮೇಲೆ ಅವರ ಬೆರಳಿನ ಗೆರೆಗಳೆಲ್ಲ ಮೂಡಿದ್ದವು. ಎರಡು ಕೈಯಿಂದ ಅದನ್ನು ಮುರಿದಾಗ ಉದುರದೆ ಬಿಸ್ಕೀಟಿನ ಹಾಗೆ ಅಂಚು ನೆಟ್ಟಗೆ ತುಂಡಾಯಿತು. "ಇಷ್ಟ ಹಸಿ ಇರಬೇಕು ನೋಡಪಾ. ಹೆಚ್ಚಾತಂದ್ರ ಉಗಿ ಎದ್ದು ಬೀಡಿನಾಗ ತೂತು ಬೀಳ್ತಾವು, ಕಡಿಮಿ ಆತಂದ್ರ ಅಚ್ಚ ಉದುರತೈತಿ." ಮರಳು, ಬೆಂಟೋನೈಟ್ ಮಣ್ಣು, ಕಲ್ಲಿದ್ದಲ ಪುಡಿ, ನೀರು, ಇಷ್ಟರ ಹದವನ್ನು ಇಂದು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಮಾಮಾನಿಗೆ ಮುಷ್ಟಿಯೇ ಪ್ರಯೋಗಾಲಯವಾಗಿತ್ತು.

ಸಂಜೆ ಕುಪೋಲಾದ ಬಾಯಿ ಬಿಚ್ಚಿದರು. ಬಿಳಿಹಳದಿ ರಸ ಹಿಡಿಕೆಯ ಪಾತ್ರೆಯಾದ ಲ್ಯಾಡಲ್‌ಗೆ ಇಳಿಯಿತು. ಮೇಲಿನ ಕಿಟ್ಟವನ್ನು ಒಬ್ಬ ಸಲಾಕೆಯಿಂದ ಸರಿಸಿದ. ಇಬ್ಬರು ಲ್ಯಾಡಲ್ ಹಿಡಿದು ಅಚ್ಚಿನಿಂದ ಅಚ್ಚಿಗೆ ನಡೆದರು. ಸಣ್ಣ ಹೆಜ್ಜೆ, ಇಬ್ಬರದೂ ಒಂದೇ ಲಯ. ಹೊಯ್ಯುವ ಧಾರೆ ನಡುವೆ ಕಡಿಯಬಾರದು. ಕಡಿದರೆ ಮೊದಲು ಹೋದ ರಸದ ಮೇಲೆ ಪೊರೆ ಕಟ್ಟಿ ಎರಡೂ ಕೂಡುವುದಿಲ್ಲ. ಅಚ್ಚಿನ ಸಂದಿಗಳಿಂದ ನೀಲಿ ಉರಿ ನಾಲಿಗೆ ಚಾಚಿತು. ಅಚ್ಚಿನ ಮೇಲ್ತೂತಾದ ರೈಸರಿನ ಬಾಯಲ್ಲಿ ರಸ ಮೇಲೇರಿ ಕಂಡಾಗ ಮಾಮಾ ತಲೆ ಅಲ್ಲಾಡಿಸಿದರು, ಅಚ್ಚು ತುಂಬಿತೆಂದು. ಸುಮಾರು ಒಂದೂವರೆ ತಾಸು ಯಾರೂ ಮಾತಾಡಲಿಲ್ಲ. ಮುಗಿದ ಮೇಲೆ ಕನ್ನಡ ಮರಾಠಿ ಬೆರೆತ ಗದ್ದಲ ಒಮ್ಮೆಲೇ ಎದ್ದಿತು. ಚಹಾ ಬಂತು.

ಕುಪೋಲಾ ಬಹುಪಾಲು ಮರೆಯಾಗಿದೆ. ಅದರ ಹೊಗೆ ಊರಿಗೆ ಕಂಟಕವಾಗಿತ್ತು, ರಸದ ಗುಣವೂ ಒಂದೊಂದು ದಿನ ಒಂದೊಂದು ತರಹ. ಈಗ ವಿದ್ಯುತ್ತಿನ ಇಂಡಕ್ಷನ್ ಫರ್ನೇಸ್. ಒಂದು ಟನ್ ಬೀಡು ಕರಗಿಸಲು ಸುಮಾರು 550ರಿಂದ 650 ಯೂನಿಟ್ ವಿದ್ಯುತ್ ಬೇಕು, ಹಾಗಾಗಿ ಫೌಂಡ್ರಿಯವರು ಆಕಾಶಕ್ಕಿಂತ ಹೆಚ್ಚಾಗಿ ಕರೆಂಟ್ ಬಿಲ್ಲನ್ನು ನೋಡುತ್ತಾರೆ. ವಿದ್ಯುತ್ತಿನ ಬೆಲೆ ಅರಿತ ಸೀಮೆ ನಮ್ಮದು. ಗೋಕಾಕ ಫಾಲ್ಸಿನ ಗಿರಣಿ 1887ರಲ್ಲೇ ಜಲಪಾತದ ಬಲದಿಂದ ನೂಲು ತೆಗೆಯತೊಡಗಿತ್ತು. ಹುಕ್ಕೇರಿಯಲ್ಲಿ 1969ರಲ್ಲಿ ಅಪ್ಪಣಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರೇ ಸೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿದರು. ರಾಜ್ಯದಲ್ಲಿ ಬೇರೆಲ್ಲೂ ಇಲ್ಲದ ಏರ್ಪಾಡು ಅದು. ಪಂಪ್‌ಸೆಟ್ಟಿಗೆ ಆ ಕರೆಂಟ್ ಬಂದ ಮೇಲೆ ಎಣ್ಣೆ ಎಂಜಿನ್ ಮೂಲೆ ಸೇರಿತು, ಬೀಡಿನ ಪಂಪು ಮಾತ್ರ ಬಾವಿಯಲ್ಲೇ ಉಳಿಯಿತು.

ಎಂಜಿನ್ನಿಗೆ ಬೇಡಿಕೆ ತಗ್ಗಿದರೂ ಫೌಂಡ್ರಿಗಳು ಬಾಗಿಲು ಹಾಕಲಿಲ್ಲ. ಅಷ್ಟು ಹೊತ್ತಿಗೆ ಟ್ರಾಕ್ಟರ್, ಲಾರಿ, ವಾಲ್ವ್‌ಗಳ ಎರಕಕ್ಕೆ ಪುಣೆಯ ಕಡೆಯಿಂದ ಕೆಲಸ ಬರತೊಡಗಿತ್ತು. ಬೆಳಗಾವಿಯಲ್ಲಿ ಹೈಡ್ರಾಲಿಕ್ ಉದ್ಯಮ ಬೆಳೆಯಿತು. ಸುರೇಶ ಹುಂದರೆಯವರು 1981ರಲ್ಲಿ ಕಟ್ಟಿದ ಪಾಲಿಹೈಡ್ರಾನ್ ಇದರಲ್ಲಿ ಎದ್ದು ಕಾಣುವ ಹೆಸರು. ಹೈಡ್ರಾಲಿಕ್ ವಾಲ್ವಿನ ಒಳಗೆ ಎಣ್ಣೆ ಹರಿಯುವ ಹಾದಿಗಳು ಗೆದ್ದಲ ಹುತ್ತದ ಹಾಗೆ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಎಣ್ಣೆಯ ಒತ್ತಡ ವಿಪರೀತ, ಒಂದು ಸೂಜಿ ತೂತಿದ್ದರೂ ಸೋರುತ್ತದೆ. ಮಾಮಾ ಹೇಳಿದ ಹಸಿಯ ಹದ ಇಲ್ಲಿ ಸಾವಿರ ಪಟ್ಟು ನಾಜೂಕಾಗುತ್ತದೆ. ಗಾಣದ ಗಾಲಿ ಹೊಯ್ಯುತ್ತಿದ್ದ ಕೈಗಳು ಒಂದೇ ಜೀವಮಾನದಲ್ಲಿ ಇಲ್ಲಿಗೆ ಬಂದು ಮುಟ್ಟಿದವು. ಸಣ್ಣ ಫೌಂಡ್ರಿಗಳು ಒಬ್ಬೊಬ್ಬರೇ ಕೊಳ್ಳಲಾಗದ ಪರೀಕ್ಷಾ ಸೌಕರ್ಯಗಳಿಗಾಗಿ ಉದ್ಯಮಬಾಗದಲ್ಲಿ ಬೆಳಗಾವಿ ಫೌಂಡ್ರಿ ಕ್ಲಸ್ಟರ್ ಹುಟ್ಟಿತು. ಕಚ್ಚಾ ಬೀಡು ದೂರದಿಂದ ಬರುವುದೂ ಈಗ ತಪ್ಪಿದೆ. ಗೋವೆಯ ಆಮೋಣೆಯಲ್ಲಿ ಅದನ್ನು ತಯಾರಿಸುತ್ತಾರೆ, ಕೊಪ್ಪಳದ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಹೆಸರಿನದೇ ಕಾರ್ಖಾನೆ ತಯಾರಿಸುತ್ತದೆ. ಬೆಳಗಾವಿ ಬಿಟ್ಟು ಹೋದ ಹೆಸರು ಕನ್ನಡನಾಡಿನ ಅದಿರಿನಿಂದಲೇ ಇವತ್ತು ಬೀಡು ತೆಗೆಯುತ್ತಿದೆ.

ಹೇಳದೆ ಬಿಡಬಾರದ ಸಂಗತಿಯೊಂದಿದೆ. ಎರಕವನ್ನು ಅಚ್ಚಿನಿಂದ ಬಿಡಿಸಿ, ಅಂಟಿದ ಮರಳು ತೆಗೆದು, ಅಂಚು ಉಜ್ಜುವ ಫೆಟ್ಲಿಂಗ್ ಕೆಲಸದಲ್ಲಿ ಏಳುವ ಧೂಳು ಸಿಲಿಕಾ ಧೂಳು. ವರ್ಷಗಟ್ಟಲೆ ಅದನ್ನು ಉಸಿರಾಡಿದವರ ಪುಪ್ಪಸ ಗಟ್ಟಿಕಟ್ಟುತ್ತದೆ, ಸಿಲಿಕೋಸಿಸ್ ಎಂಬ ಆ ರೋಗಕ್ಕೆ ಮದ್ದಿಲ್ಲ. ಮಾಮಾ ಕೊನೆಕೊನೆಗೆ ಬಸ್ ಸ್ಟ್ಯಾಂಡಿನಿಂದ ಓಣಿಯವರೆಗೆ ನಡೆದು ಬರುವಾಗ ಮೂರು ಕಡೆ ನಿಲ್ಲುತ್ತಿದ್ದರು. ಡಾಕ್ಟರು ದಮ್ಮು ಎಂದರು, ಮನೆಯವರೂ ದಮ್ಮು ಎಂದುಕೊಂಡರು. ಅದು ದಮ್ಮೇ ಇರಬಹುದು. ಕೈಗೆ ಮಾಸ್ಕ್ ಕೊಟ್ಟರೆ ಸಾಲದು, ಧೂಳನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ಯಂತ್ರ ಬೇಕು, ವರ್ಷಕ್ಕೊಮ್ಮೆ ಎದೆಯ ಎಕ್ಸ್-ರೇ ಬೇಕು. ಒಳ್ಳೆಯ ಫೌಂಡ್ರಿಗಳಲ್ಲಿ ಇದೆಲ್ಲ ಇದೆ. ಗುತ್ತಿಗೆಯವನ ಕೈಕೆಳಗೆ ದಿನಗೂಲಿಗೆ ಹೋಗುವ ಹುಡುಗನಿಗೂ ಅದು ಸಿಗಬೇಕು. ಹುಕ್ಕೇರಿ, ಗೋಕಾಕ, ಮೂಡಲಗಿಯ ಹಳ್ಳಿಗಳಿಂದ ಹೋಗುವ ಹುಡುಗರು ನಮ್ಮ ಮನೆಯ ಮಕ್ಕಳು.

ಬೆಳಗಾವಿಯಿಂದ ಸಂಕೇಶ್ವರಕ್ಕೆ ಬರುವ ಹೆದ್ದಾರಿಯಲ್ಲಿ ಹತ್ತರಗಿ ಸಿಗುತ್ತದೆ, ನಮ್ಮ ಹುಕ್ಕೇರಿ ತಾಲೂಕಿನದೇ ಊರು. ಅಲ್ಲಿನ ವಿಶೇಷ ಆರ್ಥಿಕ ವಲಯದಲ್ಲಿ ಈಕ್ವಸ್ ಕಂಪನಿ ವಿಮಾನದ ಭಾಗಗಳನ್ನು ಮಾಡುತ್ತದೆ. ಅದು ಎರಕದ ಕೆಲಸವಲ್ಲ, ಲೋಹವನ್ನು ಒತ್ತಿ, ಕೊರೆದು ರೂಪಿಸುವ ಕೆಲಸ. ಆದರೂ ಬೆಳಗಾವಿ ಕೊಲ್ಹಾಪುರದ ನಡುವೆ ಲೋಹ ಬಲ್ಲ ಕೈಗಳು ನೂರು ವರ್ಷದಿಂದ ಇರದಿದ್ದರೆ, ಕಬ್ಬಿನ ಗದ್ದೆಯ ಪಕ್ಕಕ್ಕೆ ವಿಮಾನದ ಭಾಗ ತಯಾರಾಗುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಅಜ್ಜ ಹೋದ ಮೇಲೆ ಮನೆ ಕಟ್ಟಿಸುವಾಗ ಹಿತ್ತಲು ಖಾಲಿ ಮಾಡಬೇಕಾಯಿತು. ಗುಜರಿಯವನು ಬಂದ. ಗಾಣವನ್ನು ಇಡಿಯಾಗಿ ಎತ್ತಲು ಆಗಲಿಲ್ಲ. ಅವನು ಸುತ್ತಿಗೆ ತಂದು ಹಲ್ಲುಗಾಲಿಯ ಮೇಲೆ ಒಂದೇ ಏಟು ಕೊಟ್ಟ, ಅಜ್ಜ ಹೇಳಿದ ಹಾಗೆಯೇ ಒಡೆಯಿತು. ಒಡೆದ ಮೈ ಬೂದು ಬಣ್ಣ, ಕಾಳು ಕಾಳಾಗಿ ಬಿಸಿಲಿಗೆ ಮಿಂಚುತ್ತಿತ್ತು. ಗಾಲಿಯ ಅಂಚಿಗೆ ಉಬ್ಬಿದ ಅಕ್ಷರಗಳಿದ್ದವು. ಚಿಕ್ಕಂದಿನಲ್ಲಿ ಬೆರಳಾಡಿಸಿ ಓದಲು ನೋಡಿ ಸೋತ ಅಕ್ಷರಗಳು, ಆವತ್ತೂ ಓದಲಾಗಲಿಲ್ಲ. ತುಂಡುಗಳನ್ನು ತೂಗಿ ಟೆಂಪೋಕ್ಕೆ ಹಾಕುವಾಗ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. "ಬೆಳಗಾವಿಗ್ರೀ ಅಣ್ಣಾರ, ಫೌಂಡ್ರಿಗೆ. ಹಳೇ ಬೀಡು ಅಂದ್ರ ಭಾಳ ಬೇಡಿಕಿ ಐತ್ರಿ."