ಸ್ವಯಂಚಾಲಿತ ಹನಿ ನೀರಾವರಿಯಲ್ಲಿ ನೀರು ಕಡಿಮೆ ಬಂದಾಗ

ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ವೇಳೆ ನಿಗದಿಪಡಿಸಿ ನಡೆಸುವ ಹನಿ ನೀರಾವರಿಯ ನಿಯಂತ್ರಕವು ನಿಮಿಷಗಳನ್ನು ಎಣಿಸುತ್ತದೆಯೇ ಹೊರತು ಲೀಟರುಗಳನ್ನಲ್ಲ. ನೀರು ಅರ್ಧದಷ್ಟೇ ಹರಿದರೂ ಸರದಿ ಮುಗಿಯಿತೆಂದೇ ತೋರಿಸುತ್ತದೆ. ಗಿಡ ಬಾಡಿದ ಮೇಲೆ ಪಂಪನ್ನು ಬದಲಾಯಿಸಲು ಹೊರಡುವುದಕ್ಕಿಂತ ಈ ಕ್ರಮದಲ್ಲಿ ಪರೀಕ್ಷಿಸುವುದು ಸೂಕ್ತ.

1. ಹರಿವಿನ ಅಳತೆ: ಗಂಟೆಗೆ 4 ಲೀಟರಿನ ಡ್ರಿಪ್ಪರಿನಿಂದ 15 ನಿಮಿಷಕ್ಕೆ ಸುಮಾರು 1 ಲೀಟರು ನೀರು ಬರಬೇಕು. ಎಲ್ಲ ವಿಭಾಗಗಳಲ್ಲೂ ಕಡಿಮೆಯಿದ್ದರೆ ಮೊದಲು ಬಾವಿ, ಪಂಪು, ಫಿಲ್ಟರನ್ನು ನೋಡಬೇಕು. ಒಂದೇ ವಿಭಾಗದಲ್ಲಾದರೆ ಅದರ ವಾಲ್ವು ಮತ್ತು ಕೊಳವೆಗಳನ್ನು.

2. ಫಿಲ್ಟರು: ನೀರು ಒಳಹೋಗುವ ಮತ್ತು ಹೊರಬರುವ ಕಡೆಯ ಒತ್ತಡಮಾಪಕಗಳ ವ್ಯತ್ಯಾಸ ಚದರ ಸೆಂಟಿಮೀಟರಿಗೆ 0.5 ಕಿಲೋಗ್ರಾಂ ಮೀರಿದರೆ ಫಿಲ್ಟರನ್ನು ತೊಳೆಯಿರಿ. ಎರಡೂ ಕಡೆ ಒತ್ತಡ ಕಡಿಮೆಯಿದ್ದರೆ ಬಾವಿಯ ನೀರಿನ ಮಟ್ಟ, ವೋಲ್ಟೇಜು, ಒಡೆದ ಕೊಳವೆಗಳನ್ನು ಪರೀಕ್ಷಿಸಿ.

3. ಸೊಲೆನಾಯ್ಡ್ ವಾಲ್ವು: ಕೈಯಿಂದ ತೆರೆದಾಗ ನೀರು ಸರಿಯಾಗಿ ಹರಿದರೆ ದೋಷವು ಸಾಮಾನ್ಯವಾಗಿ ಕಾಯಿಲು, ತಂತಿಯ ಜೋಡಣೆ ಅಥವಾ ನಿಯಂತ್ರಕದಲ್ಲಿರುತ್ತದೆ. ಆಗಲೂ ಕಡಿಮೆಯಿದ್ದರೆ ಪಂಪು ನಿಲ್ಲಿಸಿ, ವಾಲ್ವನ್ನು ಬಿಚ್ಚಿ ಮರಳು ತೆಗೆಯಿರಿ. ಹರಿದ ರಬ್ಬರನ್ನು ಬದಲಾಯಿಸಿ.

4. ಲ್ಯಾಟರಲ್ ಕೊಳವೆಗಳು: ತುದಿಯ ಮುಚ್ಚಳ ತೆಗೆದು ತಿಳಿನೀರು ಬರುವವರೆಗೆ ಹರಿಯಬಿಡಿ. ಡ್ರಿಪ್ಪರುಗಳಲ್ಲಿ ಸುಣ್ಣ ಕಟ್ಟಿದ್ದರೆ ತಜ್ಞರ ಸಲಹೆ ಪಡೆದು ಆಮ್ಲದಿಂದ ಉಪಚರಿಸಬೇಕು. ಆಮ್ಲವನ್ನು ನೀರಿಗೆ ಸೇರಿಸಬೇಕು. ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಬಾರದು. ಬ್ಲೀಚಿಂಗ್ ಪುಡಿಯೊಡನೆ ಆಮ್ಲ ಬೆರೆತರೆ ವಿಷಾನಿಲ ಹೊರಡುತ್ತದೆ.

ವ್ಯವಸ್ಥೆ ಅಳವಡಿಸಿದ ದಿನದ ಒತ್ತಡ ಮತ್ತು ಹರಿವನ್ನು ಬರೆದಿಟ್ಟುಕೊಂಡು, ಹದಿನೈದು ದಿನಗಳಿಗೊಮ್ಮೆ ಹೋಲಿಸಿ ನೋಡುವ ರೈತರಿಗೆ ಬೆಳೆ ಬಾಡುವ ಮೊದಲೇ ದೋಷ ತಿಳಿಯುತ್ತದೆ.