ಗಾಡಿಮನೆಯ ಒಡವೆಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಕೋಶವನ್ನು ಮನೆಯ ಜಗಲಿಯಲ್ಲಿ ಕುಳಿತು ಓದಬಹುದು. ದೇಶವನ್ನು ಸುತ್ತುವುದಕ್ಕೆ ಮನೆಯನ್ನು ಬಿಡಲೇಬೇಕು. ಹೆಂಡತಿ ಮಕ್ಕಳು, ವೃದ್ಧರಾದ ತಾಯಿತಂದೆಗಳು, ಇವರ ಊಟ ನಿದ್ರೆಗಳ ಚಿಂತೆಯುಳ್ಳ ಸಂಸಾರಸ್ಥನಿಗೆ ಇದು ಸುಲಭವಾದ ಕೆಲಸವಲ್ಲ. ಆದುದರಿಂದಲೇ ಮನೆಯ ಒಂದು ಮೂಲೆಯನ್ನು ಚಕ್ರಗಳ ಮೇಲಿರಿಸಿಕೊಂಡು ಹೊರಡುವ ಉಪಾಯವನ್ನು ಜನರು ಬಹುಕಾಲದಿಂದ ಮಾಡುತ್ತ ಬಂದಿರುವರು. ನಮ್ಮ ಕಮಾನುಗಾಡಿ ಅಂತಹುದೊಂದು ಮನೆಯೇ ಅಲ್ಲವೆ? ಮೇಲೆ ಬಿದಿರಿನ ತಟ್ಟಿಯ ಕಮಾನು, ಒಳಗೆ ಹುಲ್ಲಿನ ಮೆತ್ತೆ, ಅದರ ಮೇಲೆ ಜಮಖಾನ, ಅಚ್ಚಿನ ಕೆಳಗೆ ತೂಗುವ ಲಾಂದ್ರ, ಪಕ್ಕದಲ್ಲಿ ಕೀಲೆಣ್ಣೆಯ ಗೊಟ್ಟ. ಇವುಗಳಲ್ಲಿ ಒಂದನ್ನೂ ಅಂದಕ್ಕಾಗಿ ಕಟ್ಟಿದ್ದಲ್ಲ. ಆದರೂ ಇವೆಲ್ಲ ಸೇರಿಯೇ ಗಾಡಿಗೆ ಅಂದ ಬಂದಿತು.

ಮೋಟಾರುಗಾಡಿಯ ಕಾಲದಲ್ಲಿಯೂ ಇದೇ ನೀತಿ ನಡೆದು ಬಂದಿದೆ. ಮಲಗುವುದಕ್ಕೂ ಅಡಿಗೆ ಮಾಡುವುದಕ್ಕೂ ಅನುಕೂಲವುಳ್ಳ ಹಳೆಯ ವ್ಯಾನುಗಳನ್ನು ಈಗ ಆಸಕ್ತರು ಹುಡುಕಿ ಕೊಳ್ಳುವರು. ಗಾಡಿಗಿಂತಲೂ ಹೆಚ್ಚಾಗಿ ಅದರೊಡನೆ ಬಂದ ಸಣ್ಣಪುಟ್ಟ ಸಲಕರಣೆಗಳಿಗೆ ಆಸೆಪಡುವವರುಂಟು. ಇವುಗಳಲ್ಲಿ ಯಾವುದು ಕಾಪಾಡತಕ್ಕದ್ದು, ಯಾವುದು ಬಿಡತಕ್ಕದ್ದು ಎಂಬ ಪ್ರಶ್ನೆ ಈಚೆಗೆ ಯಲಹಂಕದಲ್ಲಿ ನಮ್ಮ ಎದುರಿಗೇ ಬಂದು ನಿಂತಿತು.

ಅಲ್ಲಿಯ ನಮ್ಮ ಮಿತ್ರರೊಬ್ಬರ ಮನೆಯ ಹಿತ್ತಿಲಿನಲ್ಲಿ, ಹೊಂಗೆಯ ಮರದಡಿ, ಅವರ ತಂದೆಯವರು ೧೯೭೪ರಲ್ಲಿ ಕೊಂಡ ಮೆಟಡೋರ್ ಗಾಡಿಯೊಂದು ನಿಂತಿದೆ. ತಂದೆಯವರು ಕಾಲವಾಗಿ ಹಲವು ವರ್ಷಗಳಾದುವು. ಗಾಡಿಯನ್ನು ಮತ್ತೆ ಓಡಿಸಬೇಕೆಂದು ಮಿತ್ರರಿಗೆ ಮನಸ್ಸಾಗಿ, ಕೆಲಸಗಾರರನ್ನು ಕರೆಸಿದ್ದರು. ಅವರ ಸಲಹೆಯಂತೆ ಮಾಡನ್ನು ಕತ್ತರಿಸಿ ಮೇಲಕ್ಕೆತ್ತುವ ಹೊಸ ಮಾಡನ್ನು ಕೂರಿಸುವುದು, ಒಳಗೆ ಅನಿಲದ ಒಲೆಯನ್ನು ಕಟ್ಟುವುದು, ಹಳೆಯ ಸಾಮಾನುಗಳನ್ನೆಲ್ಲ ಗುಜರಿಗೆ ಹಾಕುವುದು ಎಂದು ನಿಶ್ಚಯವಾಗಿತ್ತು. ನಾವು ಹೋದಾಗ ಎರಡು ಗೋಣಿಚೀಲಗಳು ತುಂಬಿ ಬಾಗಿಲಲ್ಲಿ ನಿಂತಿದ್ದುವು. ಕುತೂಹಲದಿಂದ ಬಿಚ್ಚಿ ನೋಡಿದೆವು. ಹಿತ್ತಾಳೆಯ ಬಳೆಗಳುಳ್ಳ ಕಿಟಕಿಯ ತೆರೆಗಳು, ಸಣ್ಣದೊಂದು ವಿದ್ಯುತ್ ಬೀಸಣಿಗೆ, ಮಡಿಸುವ ಮಣೆ, ಒಂದು ಕಟ್ಟು ಕಾಗದ, ಮತ್ತು ಕಿತ್ತಾನಿನ ನೀರಿನ ಚೀಲ.

ಚೀಲವನ್ನು ನೋಡಿ ಜಗಲಿಯಲ್ಲಿ ಕುಳಿತಿದ್ದ ಮಿತ್ರರ ತಾಯಿಯವರು, "ಅದನ್ನು ಮಾತ್ರ ಹಾಕಬೇಡವಪ್ಪ. ಮಂತ್ರಾಲಯಕ್ಕೆ ಹೋದಾಗ ನಿನಗೆ ದಾರಿಯಲ್ಲಿ ಜ್ವರ ಬಂತು. ಏಪ್ರಿಲ್ ತಿಂಗಳ ಬಿಸಿಲು. ಆ ಚೀಲದ ನೀರಿನಲ್ಲಿ ಬಟ್ಟೆ ನೆನೆಸಿ ನಿಮ್ಮ ತಂದೆ ನಿನ್ನ ಹಣೆಗೆ ಇಟ್ಟರು" ಎಂದರು. ಮಿತ್ರರು ಸುಮ್ಮನಾದರು. ಆ ದಿನ ಗುಜರಿಯವನು ಬಂದು ಬರಿಗೈಯಲ್ಲಿ ಹಿಂದಿರುಗಿದನು.

ಮೆಟಡೋರ್ ಎಂಬ ಹೆಸರು ಕನ್ನಡಿಗರಿಗೆ ಮನೆಮಾತು. ಮದುವೆಯ ದಿಬ್ಬಣಕ್ಕೂ ದೇವರ ದರ್ಶನಕ್ಕೂ ಬಾಡಿಗೆಗೆ ಹಿಡಿಯುವ ಯಾವ ವ್ಯಾನನ್ನಾದರೂ ನಮ್ಮ ಜನರು ಮೆಟಡೋರ್ ಎಂದೇ ಕರೆದರು. ಪುಣೆಯ ಬಜಾಜ್ ಟೆಂಪೋ ಕಂಪನಿಯವರು ೧೯೬೯ರಲ್ಲಿ ಇದನ್ನು ನಮ್ಮ ದೇಶದಲ್ಲಿ ತಂದರು. ಇದರ ಮೂಲ ಜರ್ಮನಿಯ ಹ್ಯಾಂಬರ್ಗ್ ನಗರದ ಟೆಂಪೋ ಕಾರ್ಖಾನೆ. ಅಲ್ಲಿ ೧೯೪೯ರಲ್ಲಿ ಹೊರಟ ಮೊದಲ ಮೆಟಡೋರ್ ಗಾಡಿಗೆ ಫೋಕ್ಸ್‌ವ್ಯಾಗನ್ ಯಂತ್ರವನ್ನು ಜೋಡಿಸಿದ್ದರು. ಮರುವರ್ಷವೇ, ಎಂದರೆ ೧೯೫೦ರ ಮಾರ್ಚ್ ತಿಂಗಳಿನಲ್ಲಿ, ಫೋಕ್ಸ್‌ವ್ಯಾಗನ್ ಕಂಪನಿಯವರು ತಮ್ಮ ಸ್ವಂತ ವ್ಯಾನನ್ನು ತಯಾರಿಸಲು ತೊಡಗಿದರು. ಪ್ರವಾಸದ ಮನೆಯೆಂದು ಲೋಕವೆಲ್ಲ ಹೆಸರಾದುದು ಆ ಎರಡನೆಯ ಗಾಡಿಯೇ. ಕಾರ್ಖಾನೆಯ ಸಲಕರಣೆಗಳ ವಿಚಾರವನ್ನು ತಿಳಿಯಬೇಕಾದರೆ ಅದನ್ನು ನೋಡುವುದೇ ಲೇಸು.

ಆ ಗಾಡಿಯನ್ನು ಕೊಳ್ಳುವವನು ಹೆಚ್ಚು ಹಣ ಕೊಟ್ಟು ತನಗೆ ಬೇಕಾದ ಅನುಕೂಲಗಳನ್ನು ಕಾರ್ಖಾನೆಯಲ್ಲಿಯೇ ಮಾಡಿಸಿಕೊಳ್ಳಬಹುದಾಗಿತ್ತು. ಉಷ್ಣದೇಶಗಳಿಗಾಗಿ ಮಾಡಿದ 'ಸಫಾರಿ' ಕಿಟಕಿ ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಚಾಲಕನ ಮುಂದಿನ ಎರಡು ಗಾಜುಗಳು ಮೇಲಂಚಿನ ಕೀಲಿನಿಂದ ಹೊರಕ್ಕೆ ತೆರೆದುಕೊಳ್ಳುವುವು. ಗಾಡಿ ಓಡಿದಷ್ಟೂ ಗಾಳಿ ಮುಖಕ್ಕೆ ಬರುವುದು. ಮಡಿಸಿ ಹಿಂದಕ್ಕೆ ಸರಿಸುವ ಬಟ್ಟೆಯ ಮಾಡು, ೧೯೬೩ರ ಸುಮಾರಿಗೆ ಬಂದ ಜಾರುಬಾಗಿಲು, ಎರಡು ಬಣ್ಣದ ಲೇಪ, ಪೆಟ್ರೋಲಿನಿಂದ ಉರಿದು ಒಳಗನ್ನು ಬೆಚ್ಚಗಿಡುವ ಏಬರ್‌ಸ್ಪೇಖರ್ ಯಂತ್ರ, ಇವೂ ಇದ್ದುವು. 'ಸಾಂಬಾ' ಎಂದು ಹೆಸರುಗೊಂಡ ಗಾಡಿಗೆ ೨೩ ಕಿಟಕಿಗಳು; ಅವುಗಳಲ್ಲಿ ಎಂಟು ಮಾಡಿನ ಅಂಚಿನಲ್ಲಿಯೇ ಇದ್ದು, ಪರ್ವತದ ಶಿಖರಗಳನ್ನು ಕುಳಿತಲ್ಲಿಂದಲೇ ನೋಡಬಹುದಾಗಿತ್ತು.

ಮಲಗುವ ಅನುಕೂಲವನ್ನು ಬೇರೆ ಕುಶಲಿಗಳು ಮಾಡಿಕೊಡುತ್ತಿದ್ದರು. ೧೮೪೪ರಿಂದ ಗಾಡಿಗಳ ಕೆಲಸ ಮಾಡುತ್ತ ಬಂದ ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯವರು ೧೯೫೧ರಲ್ಲಿ ಒಂದು ಮರದ ಪೆಟ್ಟಿಗೆಯನ್ನು ಹೊರತಂದರು. ಹಗಲಿನಲ್ಲಿ ಆಸನ, ರಾತ್ರಿ ಹಾಸಿಗೆ, ಪಕ್ಕದಲ್ಲಿ ಕಪಾಟು, ಮಡಿಸುವ ಮೇಜು. ಇದರ ಸ್ವಾರಸ್ಯವೇನೆಂದರೆ, ಪೆಟ್ಟಿಗೆಯನ್ನು ಇಳಿಸಿಬಿಟ್ಟರೆ ವಾರದ ದಿನಗಳಲ್ಲಿ ಗಾಡಿ ಎಂದಿನ ವ್ಯಾಪಾರಕ್ಕೆ ಸಿದ್ಧ. ಇಂಗ್ಲೆಂಡಿನ ಫೋಕ್‌ಸ್ಟನ್ ಊರಿನಲ್ಲಿ ಮಾರ್ಟಿನ್ ವಾಲ್ಟರ್ ಎಂಬ ಸಂಸ್ಥೆಯವರು ಬೆಡ್‌ಫರ್ಡ್ ಮುಂತಾದ ವ್ಯಾನುಗಳಿಗೆ ಒಂದು ಪಕ್ಕದ ಕೀಲಿನ ಮೇಲೆ ಎದ್ದು ನಿಲ್ಲುವ ಮಾಡನ್ನು ಕೂರಿಸಿ, 'ಡಾರ್ಮೊಬೈಲ್' ಎಂಬ ಹೆಸರಿನಿಂದ ಕೀರ್ತಿಗೊಂಡರು.

ನಮ್ಮ ಮಿತ್ರರ ತಂದೆಯವರು ಈ ಹೆಸರುಗಳನ್ನು ಕೇಳಿದ್ದರೋ ಇಲ್ಲವೋ! ಆದರೆ ಅವರ ಗಾಡಿಯಲ್ಲಿಯೂ ಎರಡು ಆಸನಗಳ ನಡುವೆ ಇರಿಸುವ ತೇಗದ ಹಲಗೆಗಳಿದ್ದುವು. ಇರಿಸಿದರೆ ನಾಲ್ವರು ಮಲಗುವ ಮಂಚ, ತೆಗೆದರೆ ಮಕ್ಕಳು ಶಾಲೆಗೆ ಹೋಗುವ ಗಾಡಿ. ಅವಶ್ಯಕತೆ ಒಂದೇ ಆದಾಗ ಬುದ್ಧಿಯೂ ಒಂದೇ ದಾರಿ ಹಿಡಿಯುವುದು.

ಇನ್ನು ಕಾರ್ಖಾನೆಯಿಂದ ಬಾರದೆ, ಆ ಕಾಲದ ಅಂಗಡಿಗಳಲ್ಲಿ ಕೊಂಡು ಜೋಡಿಸಿದ ಸಲಕರಣೆಗಳು. ಮಾಡಿನ ಮೇಲಿನ ಮರದ ಪಟ್ಟಿಗಳ ಸಾಮಾನುಕಟ್ಟು, ಪಕ್ಕಕ್ಕೆ ಕಟ್ಟುವ ಪಟ್ಟೆಪಟ್ಟೆಯ ಗುಡಾರ, ಮಂಜುಗಡ್ಡೆಯ ಪೆಟ್ಟಿಗೆ, ರೇಡಿಯೋ ಇತ್ಯಾದಿ. ಅಮೆರಿಕೆಯವರು ಕಿಟಕಿಗೆ ಸಿಕ್ಕಿಸುತ್ತಿದ್ದ ತಂಪುಗೊಳವೆ ವಿಚಿತ್ರವಾದುದು. ಅದರಲ್ಲಿ ನೀರು ತುಂಬಿದರೆ, ಓಡುವ ಗಾಡಿಯ ಗಾಳಿ ಒದ್ದೆಯ ಮೆತ್ತೆಯ ಮೂಲಕ ಹಾದು ತಂಪಾಗಿ ಒಳಗೆ ಬರುವುದು. ನೀರು ಆವಿಯಾಗುವಾಗ ಶಾಖವನ್ನು ಹೀರುವುದೇ ಇದರ ಗುಟ್ಟು. ಮಣ್ಣಿನ ಹೂಜಿಯ ಗುಟ್ಟೂ, ಗಾಡಿಯ ಮುಂದೆ ತೂಗುತ್ತಿದ್ದ ಕಿತ್ತಾನಿನ ಚೀಲದ ಗುಟ್ಟೂ ಇದೇ. ಗಾಳಿ ಒಣಗಿರುವ ಬಳ್ಳಾರಿ ರಾಯಚೂರುಗಳಲ್ಲಿ ಇವು ಚೆನ್ನಾಗಿ ಕೆಲಸ ಮಾಡುವುವು. ತೇವ ತುಂಬಿದ ಮಂಗಳೂರಿನಲ್ಲಿ ಅಷ್ಟಾಗಿ ಮಾಡಲಾರವು.

ಇಲ್ಲಿ ವಾಚಕರು ಒಂದು ಮಾತನ್ನು ಗಮನಿಸಬೇಕು. ಅಪೂರ್ವವಾದುದೆಲ್ಲ ಉಪಯುಕ್ತವಾದುದಲ್ಲ. ಗಾಡಿಯನ್ನು ಬೆಚ್ಚಗಿಡುವ ಯಂತ್ರಕ್ಕೆ ಆಸಕ್ತರು ಎಷ್ಟೇ ಬೆಲೆ ಕೊಡಲಿ, ಹೆಬ್ಬಾಳದ ಸಂಸಾರಕ್ಕೆ ಅದರಿಂದ ಏನು ಪ್ರಯೋಜನ? ಕಂಬಳಿಯೊಂದು ಸಾಕು. ಸಫಾರಿ ಕಿಟಕಿಯಾದರೋ ಅಪೂರ್ವವೂ ಹೌದು, ನಮ್ಮ ಹವೆಗೆ ಹಿತವೂ ಹೌದು. ಭಾರದ ವಿಚಾರವೂ ಹಾಗೆಯೇ. ಫೋಕ್ಸ್‌ವ್ಯಾಗನ್ನಿನ ಮೊದಲ ವ್ಯಾನಿಗೆ ಇದ್ದುದು ೨೫ ಅಶ್ವಶಕ್ತಿ ಮಾತ್ರ. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದು. ೫೦ ಲೀಟರನ್ನು ಮಾಡಿನ ಮೇಲೆ ಹೇರಿದರೆ ೫೦ ಕಿಲೋ ಭಾರ ತಲೆಯ ಮೇಲೆ ಕುಳಿತಂತಾಯಿತು. ಸುಮಾರು ೯೦೦ ಮೀಟರ್ ಎತ್ತರದ ಬೆಂಗಳೂರಿನಿಂದ ೧,೪೭೮ ಮೀಟರ್ ಎತ್ತರದ ನಂದಿಬೆಟ್ಟವನ್ನು ಹತ್ತುವಾಗ ಯಂತ್ರ ಏದುಸಿರು ಬಿಡುವುದು, ಇಳಿಯುವಾಗ ತಿರುವುಗಳಲ್ಲಿ ಗಾಡಿ ಓಲಾಡುವುದು. ಮೂಗಿಗಿಂತ ಮೂಗುತಿ ಭಾರವಾಗಬಾರದು.

ಇಂತಹ ವಿದೇಶೀ ಗಾಡಿಗಳು ನಮ್ಮಲ್ಲಿ ವಿರಳವಾಗಿರುವುದಕ್ಕೂ ಕಾರಣವುಂಟು. ೧೯೬೦ ಮತ್ತು ೭೦ರ ದಶಕಗಳಲ್ಲಿ ಯುರೋಪಿನ ಯುವಕರು ಇಸ್ತಾನ್‌ಬುಲ್, ಟೆಹರಾನ್, ಕಾಬೂಲ್ ಮಾರ್ಗವಾಗಿ ಭಾರತಕ್ಕೆ ಬರುತ್ತಿದ್ದರು. ೧೯೭೯ರಲ್ಲಿ ಇರಾನಿನ ಕ್ರಾಂತಿಯೂ ಆಫ್ಘಾನಿಸ್ತಾನದ ಯುದ್ಧವೂ ಆ ದಾರಿಯನ್ನು ಮುಚ್ಚಿದುವು. ಹಾಗೆ ಬಂದ ಗಾಡಿಗಳನ್ನು ಸುಂಕದ ಕರಾರಿನ ಪ್ರಕಾರ ಹಿಂದಕ್ಕೆ ಒಯ್ಯಲೇಬೇಕಾಗಿದ್ದುದರಿಂದ ಇಲ್ಲಿ ಉಳಿದುವು ಕೆಲವೇ. ಆದುದರಿಂದ ನಮ್ಮ ನಾಡಿನ ಗಾಡಿಮನೆಯ ನಿಜವಾದ ಚರಿತ್ರೆ ಮೆಟಡೋರ್, ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ೨೦ ಮುಂತಾದ ಗಾಡಿಗಳಲ್ಲಿಯೂ, ಅವುಗಳಿಗೆ ಮನೆಯವರು ಹೊಲಿಸಿದ ತೆರೆಗಳಲ್ಲಿಯೂ ಅಡಗಿದೆ. ವಿದೇಶೀ ಗಾಡಿಯ ಬಿಡಿಭಾಗವನ್ನು ಹಣ ಕೊಟ್ಟು ತರಿಸಬಹುದು. ಮನೆಯ ಗೋಣಿಚೀಲದಲ್ಲಿರುವುದನ್ನು ಒಮ್ಮೆ ಬಿಸುಟರೆ ಎಲ್ಲಿಂದ ತರಿಸುವುದು?

ಹಳೆಯ ರೂಪವನ್ನು ಕಾಪಾಡುವುದರಿಂದ ಕಾನೂನಿನ ಅನುಕೂಲವೂ ಉಂಟು. ೨೦೨೧ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರದವರು ಪುರಾತನ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ಮಾಡಿದರು. ಮೊದಲ ನೋಂದಣಿಯಾಗಿ ೫೦ ವರ್ಷ ಕಳೆದ, ಸ್ವಂತ ಉಪಯೋಗದ ವಾಹನವು ತನ್ನ ಮೂಲರೂಪದಲ್ಲಿಯೇ ಇದ್ದು, ಚೌಕಟ್ಟು, ಒಡಲು, ಯಂತ್ರಗಳಲ್ಲಿ ಹೆಚ್ಚಿನ ಮಾರ್ಪಾಡಾಗದಿದ್ದರೆ, 'ವಿ.ಎ.' ಎಂಬ ಅಕ್ಷರಗಳುಳ್ಳ ವಿಶೇಷ ಸಂಖ್ಯೆಯನ್ನು ಪಡೆಯಬಹುದು. ನಿಯಮದಲ್ಲಿ ಗೊತ್ತುಮಾಡಿದ ಶುಲ್ಕ ೨೦,೦೦೦ ರೂಪಾಯಿ. ಅವಧಿ ೧೦ ವರ್ಷ. ಆದರೆ ಅಂತಹ ವಾಹನವನ್ನು ಪ್ರದರ್ಶನ, ಪುರಾತನ ವಾಹನಗಳ ಮೆರವಣಿಗೆ, ದುರಸ್ತಿ ಮುಂತಾದ ಕಾರ್ಯಗಳಿಗೆ ಮಾತ್ರ ರಸ್ತೆಗೆ ತರಬಹುದು, ನಿತ್ಯದ ಓಡಾಟಕ್ಕಲ್ಲ. ಯಾತ್ರೆಗೆ ಹೋಗಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಯುಕ್ತ. ಹಾಗೆ ಮಾಡುವವರೂ ಸಾರಿಗೆ ಕಚೇರಿಯ ಅನುಮತಿಯಿಲ್ಲದೆ ಗಾಡಿಯ ಆಕಾರವನ್ನು ಬದಲಾಯಿಸುವಂತಿಲ್ಲ. ಈ ಭಾಗದವರಿಗೆ ಯಶವಂತಪುರದಲ್ಲಿಯೂ ಯಲಹಂಕದಲ್ಲಿಯೂ ಕಚೇರಿಗಳಿವೆ. ಕತ್ತರಿಯನ್ನು ಎತ್ತುವ ಮೊದಲು ಅಲ್ಲಿ ವಿಚಾರಿಸಿದರೆ ಪಶ್ಚಾತ್ತಾಪಕ್ಕೆ ಎಡೆಯಿಲ್ಲ. ನಮ್ಮ ಮಿತ್ರರ ಗಾಡಿಗೆ ೫೦ ವರ್ಷ ತುಂಬಿದೆ. ಮಾಡನ್ನು ಕತ್ತರಿಸಿದ್ದರೆ ಆ ಮಾನ್ಯತೆಯ ಬಾಗಿಲನ್ನು ತಾವೇ ಮುಚ್ಚಿಕೊಂಡಂತಾಗುತ್ತಿತ್ತು.

ಒಲೆಯ ವಿಚಾರವಾಗಿ ನಾವು ಇನ್ನೂ ಕಟುವಾಗಿ ಹೇಳಬೇಕಾಯಿತು. ಅಡಿಗೆಯ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ, ಮಕ್ಕಳು ಮಲಗಿರುವ ನೆಲದ ಮಟ್ಟದಲ್ಲಿಯೇ ತುಂಬಿಕೊಳ್ಳುವುದು. ಮುಚ್ಚಿದ ಗಾಡಿಯಲ್ಲಿ ಒಲೆಯಾಗಲಿ ಇದ್ದಿಲಾಗಲಿ ಉರಿದರೆ ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವನಿಗೆ ಎಚ್ಚರವೂ ಆಗುವುದಿಲ್ಲ. ಹಳೆಯ ಗಾಡಿಯೊಡನೆ ಒಲೆ ಬಂದಿದ್ದರೆ ಅದನ್ನು ನೋಡಿ ಸಂತೋಷಪಡಿರಿ. ಅಡಿಗೆಯನ್ನು ಮರದ ನೆರಳಿನಲ್ಲಿ, ಗಾಡಿಯ ಹೊರಗೆ ಮಾಡಿರಿ.

ಇಂತಹ ಗಾಡಿಯನ್ನು ಕೊಳ್ಳುವವರಿಗೂ, ಮನೆಯಲ್ಲಿಯೇ ಇರಿಸಿಕೊಂಡವರಿಗೂ ಕೆಲವು ಮಾತುಗಳು. ಮೊದಲು ಬ್ರೇಕು, ಚಕ್ರ, ರಬ್ಬರಿನ ಕೊಳವೆಗಳು, ಆಮೇಲೆ ಅಲಂಕಾರ. ಫೋಕ್ಸ್‌ವ್ಯಾಗನ್ ವ್ಯಾನುಗಳಲ್ಲಿ ಹಲವಕ್ಕೆ ಒಳಗಡೆ ಸಣ್ಣ ಲೋಹದ ಫಲಕವಿರುವುದು. ಕಾರ್ಖಾನೆಯವರು ಯಾವ ಯಾವ ಅನುಕೂಲಗಳನ್ನು ಮಾಡಿ ಕಳುಹಿಸಿದರೆಂಬುದು ಅದರ ಮೇಲೆ ಅಂಕೆಗಳ ರೂಪದಲ್ಲಿ ಕೊರೆದಿರುವುದರಿಂದ, ಮಾರುವವನ ಮಾತಿಗಿಂತ ಆ ಫಲಕವನ್ನು ನಂಬಬೇಕು. ಫಲಕವಿಲ್ಲದ ಗಾಡಿಯಾದರೆ ಕೊಂಡಾಗಿನ ರಸೀದಿ, ಹಳೆಯ ನೋಂದಣಿ ಪುಸ್ತಕ, ಮನೆಯವರ ಭಾವಚಿತ್ರಗಳೇ ಸಾಕ್ಷಿ. ಹಳೆಯದರಂತೆ ಕಾಣುವ ಹೊಸ ಸಾಮಾನುಗಳೂ ಮಾರಾಟಕ್ಕೆ ಬರುವುದರಿಂದ, ತಿರುಪಿನ ತೂತುಗಳನ್ನೂ ಅದರಡಿಯ ಬಣ್ಣವನ್ನೂ ಪರೀಕ್ಷಿಸಬೇಕು. ಏನನ್ನಾದರೂ ಬಿಚ್ಚುವ ಮೊದಲು ಅದರ ಚಿತ್ರ ತೆಗೆದು, ಎಲ್ಲಿತ್ತೆಂದು ಚೀಟಿ ಬರೆದು ಕಟ್ಟಬೇಕು. ಸಾಧ್ಯವಾದಾಗ ಧರ್ಮಸ್ಥಳದ ಹಳೆಯ ವಾಹನಗಳ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದರೆ, ಕಾಪಾಡಿದ ವಸ್ತುವಿನ ಗೌರವವೆಂತಹುದೆಂದು ಅವರಿಗೂ ತಿಳಿಯುವುದು.

ಮಿತ್ರರು ಈಗ ಮಾಡನ್ನು ಕತ್ತರಿಸುವ ಯೋಚನೆಯನ್ನು ಬಿಟ್ಟಿರುವರು. ಬ್ರೇಕಿನ ಕೆಲಸ ನಡೆಯುತ್ತಿದೆ. ತೇಗದ ಹಲಗೆಗಳಿಗೆ ಎಣ್ಣೆ ಹಚ್ಚಿ ಒಣಗಿಸಿದೆ. ತೆರೆಗಳನ್ನು ತಾಯಿಯವರೇ ಒಗೆದು, ಹಿತ್ತಾಳೆಯ ಬಳೆಗಳನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿದರು. ನೀರಿನ ಚೀಲವನ್ನು ನೆನೆಸಿಟ್ಟು ನೋಡಿದುದಾಯಿತು. ಒಂದು ಹೊಲಿಗೆಯಲ್ಲಿ ಮಾತ್ರ ಸೋರುತ್ತಿತ್ತು, ಅದನ್ನೂ ಹೊಲಿದರು. ಎಲ್ಲ ಸರಿಹೋದರೆ ಮುಂದಿನ ಏಪ್ರಿಲ್ ತಿಂಗಳಿನಲ್ಲಿ ಮತ್ತೆ ಮಂತ್ರಾಲಯದ ಯಾತ್ರೆ. ತಾಯಿಯವರಿಗೆ ಮುಂದಿನ ಆಸನವೆಂದು ಗೊತ್ತಾಗಿದೆ.